ನಾಯಿ ಬಿಟ್ಟು ತಂಗಿಯನ್ನು ಹಿಡಿದ ಕ್ಯಾಮೆರಾ

ನನಗೆ ನಾಯಿಗಳ ಮೇಲೆ ಪ್ರೀತಿ ಗೀತಿ ಏನೂ ಇಲ್ಲ. ಭದ್ರಾವತಿಯ ಒಂದು ಮಟನ್ ಅಂಗಡಿಯ ಹಿಂದೆ ಕೂತು ಕುರಿಯ ತಲೆ, ಕಾಲು ಸುಟ್ಟು ಕೆರೆದು ಕೊಡುವುದು ನನ್ನ ಕೆಲಸ. ಉಳಿದ ಚೂರುಪಾರನ್ನು ಮನೆಗೆ ತರುತ್ತೇನೆ. ಇಟ್ಟರೆ ನಾರುತ್ತದೆ, ಎಸೆದರೆ ಅಕ್ಕಪಕ್ಕದವರು ಬೈಯುತ್ತಾರೆ. ಅದಕ್ಕೆ ನಾಯಿಗಳಿಗೆ ಹಾಕುತ್ತೇನೆ. ಸೌಟಿನಲ್ಲಿ ತಟ್ಟೆ ಬಡಿದರೆ ಸಾಕು, ಕಾರ್ಖಾನೆ ಮೈದಾನದ ಯಾವ ಮೂಲೆಯಲ್ಲಿದ್ದರೂ ಎದ್ದು ಓಡಿ ಬರುತ್ತವೆ.

ಪ್ರೀತಿ ಇದ್ದದ್ದು ನನ್ನ ತಂಗಿಗೆ. ಕಾರ್ಖಾನೆ ಮುಚ್ಚಿದ ಮೇಲೆ ನಮ್ಮ ಕ್ವಾರ್ಟರ್ಸು ಅರ್ಧ ಖಾಲಿಯಾಗಿತ್ತು. ಗಂಡ ಸತ್ತ ಮೇಲೆ ಅವಳು ನನ್ನ ಪಕ್ಕದ ಮನೆಗೇ ಬಂದಳು. ನಾಯಿಗಳಿಗೆ ಬಿಸ್ಕತ್ತು ಮುರಿದು ಮುರಿದು ಕೈಯಿಂದಲೇ ತಿನ್ನಿಸುತ್ತಿದ್ದಳು. ಅದರಲ್ಲೂ ಮುಂಗಾಲು ಬೆಳ್ಳಗಿದ್ದ ಒಂದು ಕಂದು ಹೆಣ್ಣುನಾಯಿ ಎಂದರೆ ಅವಳಿಗೆ ಜೀವ, ಕಂದಿ ಎಂದು ಕರೆಯುತ್ತಿದ್ದಳು. ಕೈ ಕಚ್ಚಿಸಿಕೊಳ್ಳುತ್ತೀಯ ಎಂದು ನಾನು ಹೇಳದ ದಿನವಿಲ್ಲ.

ನನ್ನ ಮಗಳ ಮಗಳು ಶಿವಮೊಗ್ಗದ ಒಂದು ಸ್ಟುಡಿಯೋದಲ್ಲಿ ಮದುವೆ ಫೋಟೋ ತೆಗೆಯುತ್ತಾಳೆ. ಸ್ವಂತಕ್ಕೆ ಒಂದು ಹಳೇ ಕ್ಯಾಮೆರಾ ಕೊಂಡಳು. ಭಾನುವಾರ ಬೆಳಿಗ್ಗೆ ಅದನ್ನು ಹೊತ್ತು ಬಸ್ಸಿನಲ್ಲಿ ಬಂದು ನಾಯಿ ಓಡುವುದನ್ನು ತೆಗೆಯುತ್ತಿದ್ದಳು. ಮದುವೆಮನೆಯಲ್ಲಿ ಎಲ್ಲರೂ ನಿಂತೇ ಇರುತ್ತಾರೆ, ಕೈ ಪಳಗುವುದಿಲ್ಲ, ಓಡುವ ನಾಯಿ ಹಿಡಿಯುವುದು ಬಂದರೆ ಏನನ್ನು ಬೇಕಾದರೂ ಹಿಡಿಯಬಹುದು ಎನ್ನುತ್ತಿದ್ದಳು. ಬೇರೆ ಕೆಲಸವಿಲ್ಲವೇನೇ ಎಂದೆ. ಆದರೂ ತಟ್ಟೆ ಹಿಡಿದು ಹೋದೆ.

ಅವಳು ಹೇಳಿದ್ದರಲ್ಲಿ ನನಗೆ ತಿಳಿದದ್ದು ಇಷ್ಟು. ನಾಯಿ ಅಡ್ಡಕ್ಕೆ ಓಡಿದರೆ ಹಿಡಿಯುವುದು ಸುಲಭ. ನೇರ ನಮ್ಮ ಮೇಲೇ ಓಡಿ ಬಂದರೆ ಕಷ್ಟ. ಕಣ್ಣು ಮಿಟುಕಿಸುವುದರೊಳಗೆ ಅದು ಹತ್ತಿರ ಬಂದಿರುತ್ತದೆ, ಕ್ಯಾಮೆರಾ ಹಿಂದೆ ಬೀಳುತ್ತದೆ. ಗುಂಡಿಯನ್ನು ಅರ್ಧ ಒತ್ತಿ ಹಿಡಿದರೆ ಅದರೊಳಗೆ ಒಂದು ಹಸಿರು ಚೌಕ ಬಂದು ನಾಯಿಯ ಕಣ್ಣಿಗೆ ಅಂಟಿಕೊಳ್ಳುತ್ತದೆ. ನಾಯಿ ಹೋದ ಕಡೆ ಚೌಕವೂ ಹೋಗುತ್ತದೆ. ಅದಕ್ಕೆ ಆಟೋಫೋಕಸ್ ಎನ್ನುತ್ತಾರೆ. ಆದರೆ ಅದನ್ನು ಪೂರ್ತಿ ನಂಬುವ ಹಾಗಿಲ್ಲ. ಮುಂದೆ ಹುಲ್ಲಿನ ತೆನೆ ಅಡ್ಡ ಬಂದರೆ ನಾಯಿಯನ್ನು ಬಿಟ್ಟು ಹುಲ್ಲನ್ನು ಹಿಡಿದುಬಿಡುತ್ತದೆ.

ನೇರ ಓಡಿ ಬರಬೇಕೆಂದರೆ ನಾವು ಮೂವರೂ ಬೇಕು. ಮೈದಾನದ ಆ ತುದಿಯಲ್ಲಿ ಮೋರಿ ಕಟ್ಟೆಯ ಹತ್ತಿರ ತಂಗಿ ಬಿಸ್ಕತ್ತು ತೋರಿಸಿಕೊಂಡು ನಾಯಿಗಳನ್ನು ತಡೆದು ನಿಲ್ಲಿಸುತ್ತಿದ್ದಳು. ಈ ತುದಿಯಲ್ಲಿ ಮೊಮ್ಮಗಳು ಗೋಣಿಚೀಲದ ಮೇಲೆ ಬೋರಲು ಮಲಗುತ್ತಿದ್ದಳು. ನಾನು ಅವಳ ಬೆನ್ನ ಹಿಂದೆ ನಿಂತು, ಅವಳು ಕೈ ಎತ್ತಿದಾಗ ತಟ್ಟೆ ಬಡಿಯುತ್ತಿದ್ದೆ. ನಾಯಿಗಳು ಒಂದರ ಮೇಲೆ ಒಂದು ಬಿದ್ದು ಅವಳ ಮೂತಿಗೇ ಬರುತ್ತಿದ್ದವು.

ಆ ಭಾನುವಾರವೂ ಹಾಗೇ ಮಾಡಿದೆವು. ಹಿಂದಿನ ರಾತ್ರಿ ಮೊಮ್ಮಗಳಿಗೆ ಒಂದು ಮದುವೆಯ ಫೋಟೋ ಕೆಲಸ ಇತ್ತು, ಕಣ್ಣು ಕೆಂಪಗಿತ್ತು. ತಟ್ಟೆ ಬಡಿದೆ. ನಾಯಿಗಳು ಬಂದವು. ಕಂದು ನಾಯಿ ಎಲ್ಲಕ್ಕಿಂತ ಮುಂದೆ ಬಂತು. ಬಂದದ್ದು ನಿಲ್ಲಲಿಲ್ಲ, ತಟ್ಟೆಯನ್ನು ದಾಟಿ, ನನ್ನನ್ನೂ ದಾಟಿ, ಹಾಳುಬಿದ್ದ ಪಂಪ್‌ಹೌಸಿನ ಕಡೆ ಹೋಯಿತು. ಎಲ್ಲೋ ಕೋಳಿ ತಿಂದಿರಬೇಕು ಎಂದುಕೊಂಡೆ.

ಆಮೇಲೆ ನನ್ನ ಮನೆ ಜಗಲಿಯಲ್ಲಿ ಕೂತು ಮೊಮ್ಮಗಳು ಫೋಟೋ ನೋಡುತ್ತಾ ತನ್ನನ್ನೇ ಬೈದುಕೊಂಡಳು.

"ಥೂ, ನಿನ್ನೆ ಮದುವೆಗೆ ಮನುಷ್ಯರ ಮುಖ ಹಿಡೀಲಿ ಅಂತ ಇಟ್ಟಿದ್ದೆ ಅಜ್ಜಿ. ಪ್ರಾಣಿಗೆ ಬದಲಾಯಿಸೋದೇ ಮರೆತೆ. ಇಲ್ಲಿ ನೋಡು, ನಾಯಿ ಬಿಟ್ಟು ಚಿಕ್ಕಜ್ಜಿನ ಹಿಡ್ಕೊಂಡಿದೆ."

ಅವಳು ನಗುತ್ತಿದ್ದಳು. ನಾನು ನೋಡಿದೆ. ಮುಂದೆ ನಾಯಿಗಳೆಲ್ಲ ಹೊಗೆಯ ಹಾಗೆ ಕಂಡವು. ಹಿಂದೆ ಅಷ್ಟು ದೂರದಲ್ಲಿ ನನ್ನ ತಂಗಿ ಮಾತ್ರ ಕೆತ್ತಿಟ್ಟ ಹಾಗೆ ಇದ್ದಳು. ಮೋರಿ ಕಟ್ಟೆಯ ಮೇಲೆ ಹತ್ತಿ ನಿಂತಿದ್ದಳು. ಮಂಡಿನೋವೆಂದು ನನ್ನ ಮನೆಯ ಒಂದು ಮೆಟ್ಟಿಲಿಗೂ ಗೋಡೆ ಹಿಡಿಯುವವಳು ಅವಳು. ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ಮೊಮ್ಮಗಳು ಹಿಂದಿನದನ್ನು ತೋರಿಸಿದಳು, ಅದರಲ್ಲಿ ತಂಗಿ ಕಟ್ಟೆ ಹತ್ತುತ್ತಿದ್ದಳು. ಅದರ ಹಿಂದಿನದರಲ್ಲಿ ಕಂದು ನಾಯಿ ಅವಳ ಕಡೆ ತಿರುಗಿತ್ತು. ಉಳಿದ ನಾಯಿಗಳು ಅವಳ ಸೀರೆಗೆ ಉಜ್ಜಿಕೊಂಡು ನಿಂತಿದ್ದರೂ ಅವಳ ಕಣ್ಣು ಇದ್ದದ್ದು ಆ ಒಂದರ ಮೇಲೆ. ಅಂಥ ಮುಖ ನಾನು ಅವಳಲ್ಲಿ ನೋಡಿರಲಿಲ್ಲ, ಅವಳ ಗಂಡ ಸತ್ತ ದಿನವೂ.

ಆ ವಾರ ನಾನು ಕಾಲು ಸೂಪು ಕೊಟ್ಟು ಕಳಿಸಿದರೆ ಬೇಡ ಎಂದಿದ್ದಳು. ಬದನೆಕಾಯಿ ಪಲ್ಯವನ್ನೂ ಮುಟ್ಟಿರಲಿಲ್ಲ. ನಮ್ಮ ಕಡೆ ನಾಯಿ ಕಚ್ಚಿದರೆ ಸೊಪ್ಪಿನ ಔಷಧಿ ಕುಡಿದು ಮಾಡುವ ಪಥ್ಯ ಅದು. ಅದು ನನಗೆ ಆಗ ಹೊಳೆಯಿತು.

ಅವಳ ಮನೆಗೆ ಹೋಗಿ ಕೈ ತೋರಿಸು ಎಂದೆ.

"ಬಾಗಿಲ ತಗಡು ತಾಗಿದ್ದು ಕಣಕ್ಕ."

"ತಗಡಿಗೆ ಹಲ್ಲಿರುತ್ತಾ ಮಾರಾಯ್ತಿ?"

ಸೆರಗು ನಾನೇ ಎಳೆದೆ. ಸುಣ್ಣ, ಖಾರದಪುಡಿ ಮೆತ್ತಿ ಗಾಯ ಬೆಂದು ಹೋಗಿತ್ತು. ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರೆ ನೀನು ಕಂದಿನ ಹೊಡೆಸಿ ಹಾಕ್ತಿದ್ದೆ."

"ಹೌದು, ಹೊಡೆಸ್ತಿದ್ದೆ."

"ಅದಕ್ಕೇ ಹೇಳ್ಲಿಲ್ಲ."

ಆಯನೂರಿನ ಆಚೆ ಒಂದು ಹಳ್ಳಿಯಲ್ಲಿ ಔಷಧಿ ಕೊಡುವವನೊಬ್ಬನ ಹತ್ತಿರ ಸೊಪ್ಪಿನ ರಸ ಕುಡಿದು ಬಂದಿದ್ದಳು. ಎಲ್ಲ ಸರಿಯಾಗಿದೆ, ಇನ್ನು ಸೂಜಿ ಚುಚ್ಚಿಸಿದರೆ ಸೊಪ್ಪಿನ ಶಕ್ತಿ ಮುರಿಯುತ್ತದಂತೆ ಎಂದಳು. ನಾನು ಬೈದೆ. ಮೊಮ್ಮಗಳೂ ಬೈದಳು. ಇಬ್ಬರೂ ಸೇರಿ ಆಟೋ ಹತ್ತಿಸಿ ಶಿವಮೊಗ್ಗದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಸುಣ್ಣ ಎಲ್ಲ ತೊಳೆದು, ಗಾಯದ ಸುತ್ತ ಚುಚ್ಚಿ, ತೋಳಿಗೂ ಒಂದು ಚುಚ್ಚಿದರು. ಉಳಿದದ್ದನ್ನು ಭದ್ರಾವತಿಯಲ್ಲೇ ಹಾಕಿಸಿಕೊಳ್ಳಿ, ಒಂದನ್ನೂ ತಪ್ಪಿಸಬೇಡಿ ಎಂದು ಡಾಕ್ಟರಮ್ಮ ಎರಡು ಸಲ ಹೇಳಿದರು. ಇವಳು ತಲೆ ಆಡಿಸಿದಳು.

ನಾಯಿಯ ವಿಷಯ ಕ್ವಾರ್ಟರ್ಸಿನ ಗಂಡಸರಿಗೆ ನಾನೇ ಹೇಳಿದೆ. ಪಂಪ್‌ಹೌಸಿನ ಹಿಂದೆ ಅದು ಜೊಲ್ಲು ಸುರಿಸಿಕೊಂಡು, ಬಾಯಿ ಮುಚ್ಚಲಾರದೆ ಮಲಗಿತ್ತಂತೆ. ಹುಚ್ಚು ಹಿಡಿದಿದೆ ಎಂದು ಬಡಿದು ಹೂತರು. ಅದು ಕೂಗಿದ್ದು ನಮ್ಮ ಮನೆಗೂ ಕೇಳಿಸಿತು. ತಂಗಿ ಬಾಗಿಲು ಹಾಕಿಕೊಂಡಳು. ಸುಮಾರು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಸೂಜಿಯ ದಿನ ಬಂದಾಗ ನಾನು ಬರುತ್ತೇನೆ ಎಂದರೆ ಬೇಡ ಎಂದಳು. ಒಳ್ಳೇ ಸೀರೆ ಉಟ್ಟು, ಚೀಲ ಹಿಡಿದು ಒಬ್ಬಳೇ ಹೊರಟಳು. ಮುಂದಿನ ಸಲವೂ ಹಾಗೇ. ನನಗೂ ಅಂಗಡಿಯಲ್ಲಿ ತಲೆಗಳು ರಾಶಿ ಬಿದ್ದಿದ್ದವು. ಆಗಲೂ ಅವಳು ಸೂಪು ಕುಡಿಯುತ್ತಿರಲಿಲ್ಲ. ಇಂಜೆಕ್ಷನ್ನಿಗೆ ವಾಕರಿಕೆ ಬರುತ್ತೆ ಕಣಕ್ಕ ಎಂದಳು. ಇರಬಹುದು ಎಂದುಕೊಂಡೆ.

ಗಾಯ ಒಣಗಿತು. ನಾವು ಮತ್ತೆ ಮೊದಲಿನ ಹಾಗೆ ಮಾತಾಡಿದೆವು. ಅವಳು ಮತ್ತೆ ಬಿಸ್ಕತ್ತು ತಂದಳು, ಮೋರಿ ಕಟ್ಟೆಯ ಹತ್ತಿರ ನಿಂತಳು. ಮೊಮ್ಮಗಳಿಗೆ ಒಂದು ಒಳ್ಳೇ ಫೋಟೋ ಸಿಕ್ಕಿತು. ಕರಿ ನಾಯಿ, ನಾಲ್ಕು ಕಾಲೂ ನೆಲದಿಂದ ಮೇಲೆ, ಕಣ್ಣಲ್ಲಿ ನನ್ನ ತಟ್ಟೆಯ ಬಿಳುಪು ಕೂಡ ಕಾಣುತ್ತದೆ. ತಂಗಿ ಅದನ್ನು ನೋಡಿ ನಮ್ಮ ಕಂದಿ ಇದಕ್ಕಿಂತ ಜೋರಾಗಿ ಓಡುತ್ತಿತ್ತು ಎಂದಳು.

ಬೇಸಿಗೆ ಹತ್ತಿರ ಬಂದಾಗ ಒಂದು ಬೆಳಿಗ್ಗೆ ಹಳೇ ಗಾಯ ಜುಮುಗುಡುತ್ತೆ ಎಂದಳು. ಆಮೇಲೆ ಕಾಫಿ ಕುಡಿಯಲು ಲೋಟ ಎತ್ತಿದವಳಿಗೆ ಗಂಟಲು ಸೆಟೆದುಕೊಂಡಿತು. ಲೋಟ ನೆಲಕ್ಕೆ ಬಿತ್ತು. ಬಿದ್ದ ಕಾಫಿಯನ್ನು ನೋಡಲೂ ಅವಳಿಂದ ಆಗಲಿಲ್ಲ.

ಶಿವಮೊಗ್ಗದಲ್ಲಿ ಅವಳನ್ನು ಬೇರೆ ಕೋಣೆಯಲ್ಲಿಟ್ಟರು. ಇನ್ನು ಮಾಡುವಂಥದ್ದು ಏನೂ ಇಲ್ಲ ಎಂದರು. ನಡುವೆ ನಡುವೆ ಅವಳಿಗೆ ಸರಿಯಾಗಿ ಬುದ್ಧಿ ಇರುತ್ತಿತ್ತು. ಅಂಥ ಹೊತ್ತಿನಲ್ಲಿ ನನ್ನನ್ನು ಒಳಗೆ ಬಿಟ್ಟರು.

"ನಾನು ಸೂಜಿಗೆ ಹೋಗ್ಲಿಲ್ಲ ಕಣಕ್ಕ. ಆಯನೂರು ಬಸ್ಸು ಹತ್ತುತ್ತಿದ್ದೆ."

ಯಾಕೆ ಎಂದೆ. ಕೇಳಿ ಆಗಬೇಕಾದ್ದು ಏನೂ ಇರಲಿಲ್ಲ, ಆದರೂ ಕೇಳಿದೆ.

"ಅವನು ಕೈ ಹಿಡ್ಕೊಂಡು, ಏನೂ ಆಗಲ್ಲ ತಾಯಿ ಅಂದ. ನೀವೆಲ್ಲ ಬರೀ ಬೈದ್ರಿ."

ಮರುದಿನ ಸತ್ತಳು. ಹೆಣವನ್ನು ಮನೆಗೆ ತಂದು ತೊಳೆಯುವುದು ಗಿಳೆಯುವುದು ಬೇಡ ಎಂದರು, ಸುತ್ತಿಕೊಟ್ಟ ಹಾಗೇ ಮಣ್ಣು ಮಾಡಿದೆವು.

ತಿಥಿಗೆ ಫೋಟೋ ಬೇಕಾಯಿತು. ಮೊಮ್ಮಗಳ ಹತ್ತಿರ ಅವಳ ಮುಖ ಚೆನ್ನಾಗಿ ಬಂದಿದ್ದದ್ದು ಮೋರಿ ಕಟ್ಟೆ ಹತ್ತಿದ್ದ ಅದೊಂದೇ. ಉಳಿದ ಭಾನುವಾರದ ಫೋಟೋಗಳಲ್ಲೆಲ್ಲ ನಾಯಿಗಳು ಸ್ಪಷ್ಟವಾಗಿವೆ, ಹಿಂದೆ ಅವಳು ಮಸುಕು. ಹೆದರಿದ ಮುಖಕ್ಕೆ ಹೂ ಹಾಕುವುದು ಹೇಗೆ ಅಜ್ಜಿ ಎಂದು ಅತ್ತಳು. ಅದನ್ನೇ ದೊಡ್ಡದು ಮಾಡಿಸಿ ಹಾಕಿಸಿದೆ. ಬಂದ ನೆಂಟರೊಬ್ಬರು, ಆ ಕ್ಯಾಮೆರಾದಿಂದ ವಿಷಯ ಗೊತ್ತಾದರೂ ಆಯಿತಲ್ಲ ಎಂದರು. ಗೊತ್ತಾಗಿ ಏನಾಯಿತು ಎಂದು ಕೇಳಿದೆ. ಊಟಕ್ಕೆ ಎದ್ದು ಹೋದರು.

ಚೂರುಪಾರು ಈಗಲೂ ತರುತ್ತೇನೆ. ನಾಯಿಗಳಿಗೆಲ್ಲ ಚುಚ್ಚುಮದ್ದು ಹಾಕಿಸಿದ್ದಾರೆ. ಮೊನ್ನೆ ಮೊಮ್ಮಗಳು ಕ್ಯಾಮೆರಾ ತಂದು, ಪ್ರಾಣಿಗೇ ಇಟ್ಟಿದ್ದೀನಿ ಎಂದು ನನಗೆ ತೋರಿಸಿ, ಗೋಣಿಚೀಲ ಹಾಸಿ ಮಲಗಿದಳು. ಆ ತುದಿಯಲ್ಲಿ ತಡೆದು ನಿಲ್ಲಿಸುವವರಿಲ್ಲ. ನಾನು ತಟ್ಟೆ ಎತ್ತುವುದಕ್ಕೆ ಮೊದಲೇ ನಾಯಿಗಳು ಬಂದು ನನ್ನ ಕಾಲ ಹತ್ತಿರ ಕೂತಿದ್ದವು. ಓಡಿಸಿದೆ. ಹೋಗಲಿಲ್ಲ. ಅವಳು ಎದ್ದು ಬಟ್ಟೆ ಕೊಡವಿಕೊಂಡು ಕ್ಯಾಮೆರಾವನ್ನು ಚೀಲಕ್ಕೆ ಹಾಕಿದಳು.