ಮುನಿಯಮ್ಮ ರುಜು ಹಾಕದ ಪತ್ರ

2020ರ ಮಾರ್ಚ್‌ನಲ್ಲಿ ನಾನು ದೇವನಹಳ್ಳಿಗೂ ಅದೇ ತಾಲ್ಲೂಕಿನ ವಿಜಯಪುರಕ್ಕೂ ನಡುವೆ ಇರುವ ಒಂದು ಫುಟ್‌ಬಾಲ್ ಕ್ಲಬ್ಬಿನ ತರಬೇತಿ ಕೇಂದ್ರದಲ್ಲಿ ಆಡಳಿತಾಧಿಕಾರಿಯಾಗಿದ್ದೆ, ಸೇರಿ ಎರಡು ವರ್ಷವಾಗಿತ್ತು. ಆಗ ನನಗೆ ಐವತ್ತೆಂಟು ವರ್ಷ. ಅದಕ್ಕೆ ಮೊದಲು ಇಪ್ಪತ್ತಾರು ವರ್ಷ ಬಾಶೆಟ್ಟಿಹಳ್ಳಿಯ ಒಂದು ಕಾರ್ಖಾನೆಯಲ್ಲಿ ಪರ್ಸನಲ್ ವಿಭಾಗ ನೋಡಿಕೊಂಡಿದ್ದವನು. ಫುಟ್‌ಬಾಲ್ ನನಗೆ ಗೊತ್ತಿರಲಿಲ್ಲ. ಆಫ್‌ಸೈಡ್ ಅಂದರೇನು ಎಂದು ಯಾರಾದರೂ ಕೇಳಿದರೆ ಇವತ್ತಿಗೂ ಮಾತು ಬದಲಾಯಿಸುತ್ತೇನೆ. ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದು ಹಾಜರಿ, ಪಿಎಫ್, ಇಎಸ್‌ಐ, ರಜೆ, ಜಗಳ ಇವುಗಳನ್ನು ನೋಡಿಕೊಳ್ಳಲು. ನಾನು ಬರೆದ ಕಾಗದದಲ್ಲಿ ಎಂಥ ಲೇಬರ್ ಇನ್‌ಸ್ಪೆಕ್ಟರಿಗೂ ಒಂದು ಸಂದು ಸಿಗುವುದಿಲ್ಲ ಎಂಬ ಹೆಮ್ಮೆ ನನಗಿತ್ತು. ಆ ಹೆಮ್ಮೆಗೆ ಏನಾಯಿತು ಎಂಬುದನ್ನೇ ಇಲ್ಲಿ ಹೇಳಹೊರಟಿದ್ದೇನೆ.

ನಮ್ಮ ಕ್ಲಬ್ಬಿನ ಚೇರ್ಮನ್ ಹೊಸಕೋಟೆ ಕಡೆಯವರು. ಪಿಲ್ಲಗುಂಪೆಯ ಸುತ್ತಮುತ್ತ ಗೋಡೌನ್ ಕಟ್ಟಿಸಿ ದೊಡ್ಡ ಕಂಪನಿಗಳಿಗೆ ಬಾಡಿಗೆಗೆ ಕೊಟ್ಟು ಬೆಳೆದ ಮನುಷ್ಯ. ದುಡ್ಡು ಎಷ್ಟಿತ್ತು ಎಂದು ಅವರಿಗೇ ಸರಿಯಾಗಿ ಗೊತ್ತಿತ್ತೋ ಇಲ್ಲವೋ. ಫುಟ್‌ಬಾಲಿನ ಮೇಲೆ ಅವರಿಗೆ ನಿಜವಾದ ಪ್ರೀತಿಯಿತ್ತು, ಅದರ ಜೊತೆಗೆ ಪೇಪರಿನಲ್ಲಿ ಫೋಟೋ ಬರುವುದರ ಮೇಲೂ ಇತ್ತು. ಕೇಂದ್ರದಲ್ಲಿ ಎರಡು ಹುಲ್ಲಿನ ಮೈದಾನ, ಜಿಮ್, ಅಡುಗೆಮನೆ, ಬಟ್ಟೆ ಒಗೆಯುವ ಲಾಂಡ್ರಿ ಇದ್ದವು. ಆಟಗಾರರನ್ನು ಬಿಟ್ಟು ನನ್ನ ಹಾಜರಿ ಪುಸ್ತಕದಲ್ಲಿ ಮೂವತ್ತೆಂಟು ಜನ: ಮೈದಾನದವರು, ಅಡುಗೆಯವರು, ಡ್ರೈವರ್‌ಗಳು, ಗುಡಿಸುವವರು, ಕಾವಲಿನವರು. ಹೆಚ್ಚಿನವರ ಸಂಬಳ ಹದಿನಾಲ್ಕು ಹದಿನೈದು ಸಾವಿರ. ಆ ವರ್ಷ ತಂದಿದ್ದ ಒಬ್ಬ ವಿದೇಶಿ ಆಟಗಾರನ ಒಂದು ತಿಂಗಳ ಸಂಬಳದಲ್ಲಿ ಈ ಮೂವತ್ತೆಂಟು ಜನಕ್ಕೂ ಮೂರು ತಿಂಗಳು ಕೊಟ್ಟು ಇನ್ನೂ ಚಿಲ್ಲರೆ ಉಳಿಯುತ್ತಿತ್ತು.

ಲಾಕ್‌ಡೌನ್ ಬಂತು. ಪಂದ್ಯಗಳು ನಿಂತವು, ಆಟಗಾರರು ಅದಕ್ಕೂ ಮೊದಲೇ ಸಿಕ್ಕ ವಿಮಾನ ಹತ್ತಿ ಅವರವರ ಊರಿಗೆ ಹೋಗಿದ್ದರು. ಆದರೆ ಏಪ್ರಿಲ್ ಬಿಸಿಲಿಗೆ ಹುಲ್ಲು ಒಣಗಲು ಎರಡು ದಿನ ಸಾಕು. ಮೈದಾನದ ಮೇಸ್ತ್ರಿ ಆಂಜಿನಪ್ಪ ಯಾರೂ ಹೇಳದಿದ್ದರೂ ತನ್ನ ಹುಡುಗರನ್ನು ಸರದಿಯ ಮೇಲೆ ಕರೆದುಕೊಂಡು, ರಸ್ತೆಯಲ್ಲಿ ಪೊಲೀಸರಿದ್ದಾರೆಂದು ದ್ರಾಕ್ಷಿ ತೋಟಗಳ ಒಳಗಿನಿಂದ ನಡೆದು ಬಂದು ನೀರು ಹಾಯಿಸುತ್ತಿದ್ದ. ನಾಲ್ಕನೆಯ ದಿನ ನಾನು ಅವರಿಗೂ ನನಗೂ ಪಾಸ್ ಮಾಡಿಸಿದೆ.

ಏಪ್ರಿಲ್ ಎರಡನೆಯ ವಾರ ನಮ್ಮ ಸಿಇಓ ಫೋನ್ ಮಾಡಿದರು. ಕ್ಲಬ್ಬಿಗೆ ಆದಾಯವಿಲ್ಲ, ಆಟಗಾರರದು ಕರಾರು, ಅದನ್ನು ಮುಟ್ಟುವ ಹಾಗಿಲ್ಲ, ಆದ್ದರಿಂದ ಮಿಕ್ಕ ಸಿಬ್ಬಂದಿಯ ಮೂರು ತಿಂಗಳ ಸಂಬಳ ನಿಲ್ಲಿಸಬೇಕು ಎಂದರು. ಲಾಕ್‌ಡೌನ್ ಅವಧಿಯಲ್ಲಿ ಸಂಬಳ ಕಡಿತ ಮಾಡಬಾರದೆಂದು ಕೇಂದ್ರ ಸರ್ಕಾರದ ಆದೇಶ ಬಂದಿರುವುದನ್ನು ನಾನು ನೆನಪಿಸಿದೆ. ಅವರಿಗೆ ಅದು ಗೊತ್ತಿತ್ತು. ಅದಕ್ಕೇ ನಿಮಗೆ ಫೋನ್ ಮಾಡಿದ್ದು, ನಿಮಗೆ ಇದರಲ್ಲಿ ಅನುಭವ ಇದೆಯಲ್ಲ ಎಂದರು.

ನಿಜ, ಅನುಭವ ಇತ್ತು. ಕಾರ್ಖಾನೆಗಳಲ್ಲಿ ಇದಕ್ಕೆ ಒಂದು ಹಳೆಯ ದಾರಿ ಇದೆ. ಕೆಲಸ ಇಲ್ಲದಾಗ ಕಾರ್ಮಿಕರನ್ನು ತಾತ್ಕಾಲಿಕವಾಗಿ ಮನೆಗೆ ಕಳಿಸುವುದಕ್ಕೆ ಲೇ-ಆಫ್ ಎನ್ನುತ್ತಾರೆ. ಐವತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಾರ್ಖಾನೆಯಲ್ಲಿ ಲೇ-ಆಫ್ ಮಾಡಿದರೆ ಅರ್ಧ ಸಂಬಳ ಕೊಡಬೇಕು. ಅದನ್ನೂ ಉಳಿಸಬೇಕೆಂದರೆ, ಕಾರ್ಮಿಕನೇ ಸಂಬಳವಿಲ್ಲದ ರಜೆ ಕೇಳಿದ ಹಾಗೆ ಒಂದು ಪತ್ರ ಬರೆಸಿ ರುಜು ಹಾಕಿಸಿಕೊಳ್ಳುವುದು. ಅವನೇ ಕೇಳಿದ ಮೇಲೆ ಯಾವ ಕಾನೂನು ಏನು ಮಾಡೀತು? ಹಿಂದೊಮ್ಮೆ ರಫ್ತು ಬಿದ್ದುಹೋದಾಗ ಇಂಥ ಪತ್ರ ಇನ್ನೂರಕ್ಕೂ ಹೆಚ್ಚು ಜನರಿಂದ ಒಂದೇ ದಿನದಲ್ಲಿ ತೆಗೆಸಿದ್ದೆ. ಮ್ಯಾನೇಜರ್ ಕೈ ಕುಲುಕಿದ್ದರು. ಆ ದಿನ ಮನೆಗೆ ಸಿಹಿ ಒಯ್ದಿದ್ದೆ ಎಂದು ನೆನಪಿಸಿಕೊಂಡರೆ ಈಗ ನಾಚಿಕೆಯಾಗುತ್ತದೆ.

ಅರ್ಧ ಗಂಟೆಯಲ್ಲಿ ಪತ್ರ ಸಿದ್ಧವಾಯಿತು. ಮೂವತ್ತೆಂಟು ಪ್ರತಿ ತೆಗೆದುಕೊಂಡು ಮರುದಿನ ಬೆಳಿಗ್ಗೆ ಸ್ಕೂಟರ್ ಹತ್ತಿದೆ. ಮೊದಲು ಸಿಕ್ಕವನು ಆಂಜಿನಪ್ಪ. ಹುಲ್ಲು ಕತ್ತರಿಸುವ ಮಷೀನನ್ನು ನಿಲ್ಲಿಸಿ, ಕೈಯನ್ನು ಪಂಚೆಗೆ ಒರೆಸಿಕೊಂಡು, ಕಾಗದವನ್ನು ಮಷೀನಿನ ಮೇಲೆಯೇ ಇಟ್ಟು ರುಜು ಹಾಕಿದ. ಓದಿ ನೋಡು ಎಂದೆ. "ನೀವ್ ತಂದಿರೋದಲ್ವಾ ಸಾ, ಅದ್ರಾಗೆ ಓದದೇನು," ಎಂದು ಮತ್ತೆ ಮಷೀನ್ ಚಾಲೂ ಮಾಡಿದ. ನನಗೆ ಸ್ವಲ್ಪ ಕಸಿವಿಸಿಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಕೆಲಸ ಸಲೀಸಾಯಿತಲ್ಲ ಎಂಬ ಸಮಾಧಾನ ಅದಕ್ಕಿಂತ ದೊಡ್ಡದಿತ್ತು. ಎರಡು ದಿನದಲ್ಲಿ ಮೂವತ್ತೇಳು ಪತ್ರ ಮುಗಿದವು.

ಉಳಿದವಳು ಲಾಂಡ್ರಿಯ ಮುನಿಯಮ್ಮ. ಅವಳ ಕೆಲಸದ ರೀತಿಯನ್ನು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಹಿಂದೊಮ್ಮೆ ಕ್ಯಾಪ್ಟನ್ನಿನ ಜರ್ಸಿಯೊಂದು ಕಾಣೆಯಾಗಿ ಅವಳ ಮೇಲೆ ಮಾತು ಬಂದಿತ್ತು. ಜರ್ಸಿ ಕೊನೆಗೆ ಬಸ್ಸಿನ ಸೀಟಿನ ಕೆಳಗೆ ಸಿಕ್ಕಿತು. ಅವತ್ತಿನಿಂದ ಅವಳದೊಂದು ನಿಯಮ. ಕೊಳೆ ಬಟ್ಟೆಯ ಚೀಲ ಯಾರು ತಂದರೂ, ತಂದವರ ಎದುರಿಗೇ ಅದರ ಬಾಯಿ ಬಿಚ್ಚಿ, ಒಂದೊಂದೇ ಬಟ್ಟೆ ತೆಗೆದು ಜೋರಾಗಿ ಎಣಿಸಿ, ಆಮೇಲೆಯೇ ಒಳಗೆ ತೆಗೆದುಕೊಳ್ಳುತ್ತಿದ್ದಳು. ಒಮ್ಮೆ ಕೋಚ್ ಸಾಹೇಬರನ್ನೇ ಕಾಲು ಗಂಟೆ ನಿಲ್ಲಿಸಿ ಅವರ ಕಾಲುಚೀಲಗಳನ್ನು ಎಣಿಸಿದ್ದಳು. ಕ್ಲಬ್ಬಿನವರೆಲ್ಲ ಅವಳನ್ನು ಛೇಡಿಸುತ್ತಿದ್ದರು, ಅವರಲ್ಲಿ ನಾನೂ ಒಬ್ಬ.

ಅವಳ ಮನೆ ವಿಜಯಪುರದಲ್ಲಿ. ಗಂಡ ರೇಷ್ಮೆ ಹುರಿ ಮಾಡುವ ಮಷೀನಿನಲ್ಲಿ ಕೆಲಸ ಮಾಡುತ್ತಿದ್ದ. ಅದೂ ನಿಂತು ಇಪ್ಪತ್ತು ದಿನವಾಗಿತ್ತು. ಆ ಮನೆಗೆ ಬರುತ್ತಿದ್ದ ದುಡ್ಡೆಂದರೆ ಮುನಿಯಮ್ಮನ ಹದಿನಾಲ್ಕು ಸಾವಿರ ಮಾತ್ರ, ಅದರಲ್ಲೇ ಮನೆ ಬಾಡಿಗೆಯೂ ಆಗಬೇಕು. ಇಷ್ಟೂ ನನಗೆ ಗೊತ್ತಿತ್ತು. ಗೊತ್ತಿದ್ದೇ ಸ್ಕೂಟರ್ ನಿಲ್ಲಿಸಿದೆ.

ಆಗ ಯಾರ ಮನೆಯೊಳಗೂ ಯಾರೂ ಹೋಗುತ್ತಿರಲಿಲ್ಲ. ಅವಳು ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಹೊಸ್ತಿಲಲ್ಲಿ ನಿಂತಳು, ನಾನು ಬೀದಿಯಲ್ಲಿ ನಿಂತೆ. ಅಕ್ಕಪಕ್ಕದ ಜಗಲಿಗಳಲ್ಲಿ ಕೆಲಸವಿಲ್ಲದೆ ಕೂತ ಜನ. ಕಾಗದವನ್ನು ಮೆಟ್ಟಿಲ ಮೇಲಿಟ್ಟು ಹಿಂದೆ ಸರಿದೆ. ಅವಳು ಅದನ್ನು ಮುಟ್ಟಲಿಲ್ಲ.

"ರುಜು ಹಾಕಾಕ್ ಬತ್ತದೆ ಸಾ, ಓದಾಕ್ ಬರಕಿಲ್ಲ. ನೀವೇ ವಸಿ ಬಿಚ್ಚಿ ಹೇಳ್ಬುಡಿ," ಎಂದಳು.

ಚೀಲ ಬಿಚ್ಚಿ ಎಂದ ಹಾಗೆಯೇ ಇತ್ತು. ಕಾಗದವನ್ನು ಮತ್ತೆ ಕೈಗೆತ್ತಿಕೊಂಡೆ. ದೂರ ಇದ್ದುದರಿಂದ ಜೋರಾಗಿಯೇ ಓದಬೇಕಾಯಿತು. ಓದಿದೆ: 'ನನ್ನ ವೈಯಕ್ತಿಕ ಕಾರಣಗಳಿಗಾಗಿ, ಏಪ್ರಿಲ್‌ನಿಂದ ಜೂನ್‌ವರೆಗೆ ನನಗೆ ವೇತನರಹಿತ ರಜೆ ಮಂಜೂರು ಮಾಡಬೇಕೆಂದು, ಯಾರ ಒತ್ತಾಯವೂ ಇಲ್ಲದೆ, ಸ್ವಇಚ್ಛೆಯಿಂದ...' ಎದುರುಮನೆಯ ಮುದುಕರೊಬ್ಬರು ಬೀಡಿ ಕೆಳಗಿಳಿಸಿ ನನ್ನನ್ನೇ ನೋಡುತ್ತಿದ್ದರು. 'ಕೋರಿಕೊಳ್ಳುತ್ತೇನೆ' ಎಂಬ ಕೊನೆಯ ಪದ ನನ್ನ ಬಾಯಿಂದ ಹೊರಡಲಿಲ್ಲ. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ನಾನು ಬರೆದ ಪತ್ರವನ್ನು ಅದಕ್ಕೆ ರುಜು ಹಾಕುವವರ ಎದುರು ಗಟ್ಟಿಯಾಗಿ ಓದಿದ್ದು ಅದೇ ಮೊದಲು.

ಮುನಿಯಮ್ಮ ಸಿಟ್ಟು ಮಾಡಲಿಲ್ಲ. ಜರ್ಸಿ ಒಂದು ಕಮ್ಮಿ ಬಂದಾಗ ಕೇಳುವ ದನಿಯಲ್ಲೇ ಕೇಳಿದಳು: "ನಾನ್ ಯಾವತ್ ಕೇಳ್ದೆ ಸಾ ಇದ್ನ?"

ಅವಳೇ ಮುಂದುವರಿಸಿದಳು.

"ಕೇಳ್ದೇ ಇರೋದ್ನ ಕೇಳ್ದೆ ಅಂತ ಹೆಂಗ್ ರುಜು ಹಾಕ್ಲಿ? ಸಂಬ್ಳ ಕೊಡಾಕ್ ನಮ್ ಕೈಲಾಗಕಿಲ್ಲ ಅಂತ ಅವ್ರೇ ಬರ್ದು ಕೊಡ್ಲಿ. ಬೇಕಾದ್ರೆ ಅದುಕ್ ಹಾಕ್ತೀನಿ."

ಕಾಗದ ಮಡಿಸಿಕೊಂಡು ಬಂದೆ. ದಾರಿಯುದ್ದಕ್ಕೂ ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ಪ್ರಯತ್ನಪಟ್ಟೆ, ಆಗಲಿಲ್ಲ. ಮನೆಯಲ್ಲಿ ಊಟಕ್ಕೆ ಕೂತಾಗ ಹೆಂಡತಿಗೆ ನಡೆದದ್ದನ್ನು ಹೇಳಿದೆ. ಅವಳು ಸಾರು ಬಡಿಸುತ್ತಾ, ಆ ಹೆಂಗಸು ಹೇಳಿದ್ದರಲ್ಲಿ ತಪ್ಪೇನಿದೆ, ಅವರ ಹತ್ತಿರ ಬರೆಸಿಕೊಂಡು ಬನ್ನಿ ಎಂದಳು. ತಮಾಷೆಗೆ ಅಂದಳೋ ನಿಜಕ್ಕೂ ಅಂದಳೋ ತಿಳಿಯಲಿಲ್ಲ. ಆದರೆ ಕೈ ತೊಳೆದವನೇ ಕೂತು ಇನ್ನೊಂದು ಪತ್ರ ಬರೆದೆ. ನನ್ನ ನೌಕರಿಯಲ್ಲೇ ಅತಿ ಚಿಕ್ಕ ಪತ್ರ ಅದು.

ಮೂರನೆಯ ದಿನ ಬೆಳಿಗ್ಗೆ ವಿಡಿಯೋ ಕಾಲ್. ತೆರೆಯ ಮೇಲೆ ಚೇರ್ಮನ್, ಸಿಇಓ, ನಾನು. ಎಲ್ಲ ಸಹಿ ಆಗಿದೆಯೇ ಎಂದು ಸಿಇಓ ಕೇಳಿದರು. ಮೂವತ್ತೇಳು ಆಗಿದೆ, ಒಂದು ಬಾಕಿ, ಆ ಒಂದಕ್ಕೆ ಚೇರ್ಮನ್ನರ ಸಹಿಯೂ ಬೇಕಾಗಿದೆ ಎಂದೆ. ಈ ವಯಸ್ಸಿನಲ್ಲಿ ಕೆಲಸ ಹೋದರೆ ಇನ್ನೊಂದು ಸಿಗುವುದಿಲ್ಲ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಎಷ್ಟು ಜನರ ಅರ್ಜಿಗಳನ್ನು ವಯಸ್ಸು ನೋಡಿಯೇ ಪಕ್ಕಕ್ಕಿಟ್ಟಿದ್ದೆನೋ.

ಮೊದಲು ನೌಕರರ ಪತ್ರವನ್ನು ಪೂರ್ತಿ ಓದಿದೆ. ಈ ಸಲ ಕೊನೆಯ ಪದವೂ ಬಂತು. ಚೇರ್ಮನ್ ಹುಬ್ಬು ಗಂಟಿಕ್ಕಿ, ಇವರೆಲ್ಲ ತಾವಾಗಿಯೇ ಕೇಳಿದರಾ ಎಂದರು. ಅವರ ಮುಂದೆ ಹೋಗಿದ್ದ ಲೆಕ್ಕದ ಹಾಳೆಯಲ್ಲಿ 'ಸಿಬ್ಬಂದಿಯ ಒಪ್ಪಿಗೆಯ ಮೇರೆಗೆ' ಎಂದಷ್ಟೇ ಇತ್ತಂತೆ. ಇಲ್ಲ ಸರ್, ನಾನೇ ಬರೆದು ಹಾಕಿಸಿದ್ದು ಎಂದೆ. ಆಮೇಲೆ ಎರಡನೆಯ ಪತ್ರ ಓದಿದೆ: 'ನಮ್ಮ ಮೂವತ್ತೆಂಟು ಜನ ಕೆಲಸದವರಿಗೆ ಮೂರು ತಿಂಗಳ ಸಂಬಳ ಕೊಡಲು ನನ್ನ ಕೈಲಾಗುವುದಿಲ್ಲ.' ಕೆಳಗೆ ಅವರ ಪೂರ್ತಿ ಹೆಸರು.

ಸಿಇಓ ಏನೋ ಹೇಳಲು ಬಾಯಿ ತೆರೆದರು. ಚೇರ್ಮನ್ ಕೈಯೆತ್ತಿ ತಡೆದರು.

"ಇದುಕ್ಕೆ ನಾನ್ ಸೈನ್ ಹಾಕ್ಬೇಕೇನ್ರೀ ನಾಗರಾಜಯ್ಯ?"

"ಹೌದು ಸರ್. ಇದನ್ನ ಕೊಟ್ರೆ ಅವರೂ ಹಾಕ್ತಾರಂತೆ."

"ಹೊಸಕೋಟೇಲಿ ನಾನ್ ತಲೆ ಎತ್ಕೊಂಡ್ ಓಡಾಡ್ಬೇಕೋ ಬ್ಯಾಡ್ವೋ?"

ಅಷ್ಟು ಹೇಳಿ ಅವರ ಚೌಕ ಕಪ್ಪಾಯಿತು. ಫೋನು ಕಟ್ಟಾಯಿತೋ, ನನ್ನ ನೌಕರಿ ಕಟ್ಟಾಯಿತೋ ಗೊತ್ತಾಗಲಿಲ್ಲ. ಅವರ ಹಿಂದೆಯೇ ಸಿಇಓ ಕೂಡ ಹೊರಟುಹೋದರು.

ನಾಲ್ಕು ದಿನ ಯಾರೂ ಫೋನ್ ಮಾಡಲಿಲ್ಲ. ನಾನು ಹಾಜರಿ ಪುಸ್ತಕಕ್ಕೆ ರಟ್ಟು ಹಾಕಿದೆ, ಬೀರು ಜೋಡಿಸಿದೆ, ನನ್ನ ಜಾಗಕ್ಕೆ ಬರುವವರಿಗೆ ಅನುಕೂಲವಾಗಲೆಂದು ಬೀಗದ ಕೈಗಳಿಗೆಲ್ಲ ಚೀಟಿ ಕಟ್ಟಿದೆ. ಐದನೆಯ ದಿನ ಮೇಲ್ ಬಂತು. ಮೂವತ್ತು ಸಾವಿರಕ್ಕಿಂತ ಕಡಿಮೆ ಸಂಬಳದ ಎಲ್ಲರಿಗೂ ಪೂರ್ತಿ ಸಂಬಳ, ಎಷ್ಟು ತಿಂಗಳು ಮುಚ್ಚಿದ್ದರೂ ಸರಿ. ಅದಕ್ಕಿಂತ ಮೇಲಿನವರಿಗೆ, ಸಿಇಓ ಮತ್ತು ಆಡಳಿತಾಧಿಕಾರಿ ಸೇರಿ, ಶೇಕಡಾ ನಲವತ್ತು ಕಡಿತ. ಅದನ್ನು ಮೂರು ಸಲ ಓದಿದೆ. ಎದೆಯ ಮೇಲೆ ಇಟ್ಟಿದ್ದ ಕಲ್ಲನ್ನು ಯಾರೋ ಎತ್ತಿದ ಹಾಗಾಯಿತು. ಕಣ್ಣಲ್ಲಿ ನೀರು ಬಂತು ಎಂದು ಬರೆಯಲು ನನಗೇನೂ ಸಂಕೋಚವಿಲ್ಲ. ಹೆಂಡತಿ ಹಿಂದಿನಿಂದ ಬಗ್ಗಿ ನೋಡಿ, ನಿಮ್ಮ ನಲವತ್ತು ಹೋಯ್ತಲ್ಲ, ಅದಕ್ಕೂ ಅವರೇ ಬರೆದುಕೊಟ್ಟಿದ್ದಾರೆ ಪರವಾಗಿಲ್ಲ ಎಂದಳು. ಇಬ್ಬರೂ ನಕ್ಕೆವು. ಕಡಿತವಾಗಿ ಇಷ್ಟು ಖುಷಿಪಟ್ಟ ನೌಕರ ಜಿಲ್ಲೆಯಲ್ಲಿ ಇನ್ನೊಬ್ಬ ಇರಲಾರ.

ಆ ಪತ್ರಗಳನ್ನು ಆಫೀಸಿನಲ್ಲೇ ಹರಿದುಹಾಕಬಹುದಿತ್ತು. ಹಾಗೆ ಮಾಡಲು ಮನಸ್ಸು ಒಪ್ಪಲಿಲ್ಲ. ಮತ್ತೆ ಸ್ಕೂಟರ್ ಹತ್ತಿ ಮೂವತ್ತೇಳು ಜನಕ್ಕೂ ಅವರವರ ಪತ್ರವನ್ನು ಕೈಗೆ ಕೊಟ್ಟು, ಅದರಲ್ಲಿ ಏನು ಬರೆದಿತ್ತೆಂದು ನಿಂತು ಓದಿ ಹೇಳಿದೆ. ಕೆಲವರು ನಕ್ಕರು, ಒಬ್ಬ ಡ್ರೈವರ್ ಬೈದ. ಬೈಸಿಕೊಂಡೆ. ಆಂಜಿನಪ್ಪ ಪೂರ್ತಿ ಕೇಳಿಸಿಕೊಂಡು, ಪತ್ರವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು, ಮೈದಾನದ ಕಡೆ ತಿರುಗಿದ.

"ಮಷೀನ್ ಬ್ಲೇಡ್ ಮೊಂಡಾಗದೆ ಸಾ. ಒಂದ್ ತರ್ಸಿ," ಎಂದ.

ಮರುದಿನವೇ ತರಿಸಿದೆ. ಆದರೆ ಆಮೇಲೆ ನಾನು ಕೊಟ್ಟ ಯಾವ ಕಾಗದಕ್ಕೂ ಅವನು ಓದದೆ ರುಜು ಹಾಕಲಿಲ್ಲ. ಅದು ನನಗೆ ಸಿಕ್ಕ ಶಿಕ್ಷೆ ಎಂದು ಮೊದಮೊದಲು ಅನ್ನಿಸುತ್ತಿತ್ತು. ಆಮೇಲೆ ಹಾಗೆ ಅನ್ನಿಸಲಿಲ್ಲ. ನಾನೂ ಯಾವ ಪತ್ರವನ್ನೇ ಬರೆಯಲಿ, ರುಜು ಹಾಕುವವರ ಎದುರು ಗಟ್ಟಿಯಾಗಿ ಓದಿದ ಮೇಲೆಯೇ ಪೆನ್ನು ಕೊಡುತ್ತಿದ್ದೆ. ಓದುವಾಗ ದನಿ ತಡವರಿಸಿದರೆ ಆ ಪತ್ರವನ್ನು ತಿದ್ದುತ್ತಿದ್ದೆ. ಈ ವೃತ್ತಿ ನನಗೆ ಕಲಿಸಿದ್ದು ಇಷ್ಟೇ. ಕಲಿಸಲು ಅದಕ್ಕೆ ಇಪ್ಪತ್ತೆಂಟು ವರ್ಷ ಬೇಕಾಯಿತು.

2022ರಲ್ಲಿ ನಿವೃತ್ತನಾದೆ. ಕೊನೆಯ ದಿನ ಹಾರ, ಶಾಲು, ಮೈಸೂರು ಪಾಕು ಎಲ್ಲ ಆದವು. ಬಾಕಿ ಲೆಕ್ಕ ಚುಕ್ತಾ ಆಗಿದೆ ಎಂಬ ಕಾಗದವನ್ನು ಹೊಸ ಆಡಳಿತಾಧಿಕಾರಿ ನನ್ನ ಮುಂದಿಟ್ಟರು. ಎಲ್ಲರೂ ಫೋಟೋಗೆ ಕಾಯುತ್ತಿದ್ದರು. ಪೆನ್ನು ತೆಗೆದು ಇನ್ನೇನು ರುಜು ಹಾಕಬೇಕು, ಅಷ್ಟರಲ್ಲಿ ಹಿಂದಿನ ಸಾಲಿನಿಂದ ಮುನಿಯಮ್ಮನ ದನಿ ಬಂತು.

"ಓದಿದ್ರಾ ಸಾ?"

ಪೆನ್ನು ಕೆಳಗಿಟ್ಟು, ಕನ್ನಡಕ ಹಾಕಿಕೊಂಡು, ಆ ಕಾಗದವನ್ನು ಎಲ್ಲರ ಎದುರು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದೆ. ಎಲ್ಲೂ ದನಿ ತಡವರಿಸಲಿಲ್ಲ. ಮುನಿಯಮ್ಮ ತಲೆಯಾಡಿಸಿದ ಮೇಲೆ ರುಜು ಹಾಕಿದೆ.