ಒಲೆಯಿಂದ ಒಲೆಗೆ ಗಾಳೆವ್ವನ ದಾರ

ಸನ್ ೧೮೫೬. ಗಜೇಂದ್ರಗಡದ ನೇಕಾರ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಟ್ಟೆಯ ಮೇಲೆ ಕುಳಿತ ಗಾಳೆವ್ವ, ಸಗಣಿಯ ಕುಳ್ಳಿನ ಮೇಲೆ ಕೆಂಡ ಇಟ್ಟುಕೊಂಡು ಹೋಗುವ ಹೆಂಗಸರನ್ನೆಲ್ಲ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಾಳೆ. ಬೆಂಕಿಕಡ್ಡಿ ಎಂಬುದು ಧಾರವಾಡದ ಸಾಹೇಬರ ಕಿಸೆ ಬಿಟ್ಟು ಇತ್ತ ಬಂದಿಲ್ಲ. ಒಲೆ ಆರಿದವರು ಆರದವರ ಮನೆಗೆ ಹೋಗಲೇಬೇಕು.

ಗಾಳೆವ್ವನ ಗೋಡೆಯ ತುಂಬ ಮನೆಗೊಂದರಂತೆ ನಲವತ್ತೊಂದು ಗೂಟ. ಯಾರ ಒಲೆಯ ಕೆಂಡ ಯಾರ ಮನೆಗೆ ಹೋಯಿತೋ ಆ ಎರಡು ಗೂಟಗಳ ನಡುವೆ ಒಂದು ತುಂಡು ದಾರ ಕಟ್ಟುತ್ತಾಳೆ. “ಗಂಡ ಸತ್ತ, ಮಗ್ಗಾ ಮಾರಿ ಒಂಬತ್ತ ವರ್ಷ ಆತ್ರಿ. ಕೈ ಖಾಲಿ ಕುಂದರಾಕ ಒಲ್ಲೆ ಅಂತಾವು” ಎಂದು, ಓಣಿಯ ಸುದ್ದಿ ಬರೆದುಕೊಳ್ಳಲು ಬಂದ ನನಗೆ ಹೇಳುತ್ತಾಳೆ. ಹಗಲಲ್ಲಿ ಅವಳನ್ನು ಹುಚ್ಚಿ ಎನ್ನುವವರೇ ಹೆಣ್ಣು ಕೇಳಲು ಹೋಗುವ ಮುನ್ನ ಹಿತ್ತಲಿನಿಂದ ಬಂದು, ಯಾವ ಮನೆಗೆ ಯಾವ ಮನೆಯ ಬಳಕೆ ಇದೆಯೆಂದು ಗೋಡೆ ನೋಡುತ್ತಾರೆ. “ಬಾಯಿ ಸುಳ್ಳ ಹೇಳತೈತ್ರಿ, ಒಲಿ ಹೇಳೂದಿಲ್ಲ. ಬಾಗಿಲದಾಗ ಬೈದಾಡಿದವ್ರು ಹಿತ್ತಲದಾಗ ಕೆಂಡ ಇಸಗೊಂತಾರ” ಎಂಬುದು ಗಾಳೆವ್ವನ ಮಾತು.

ಹೋದ ತಿಂಗಳು ಓಣಿಯ ಹಿರಿಯ ಮಹಾಲಿಂಗಪ್ಪನವರಿಗೆ ನೂಲು ಇಡಲು ಜಾಗ ಬೇಕಾಯಿತು. ಒಂಟಿ ಮುದುಕಿ ಹೊನ್ನವ್ವನ ಗುಡಿಸಲು ಕೀಳಿಸಿ, ಅವಳನ್ನು ಅಬ್ಬಿಗೇರಿಯ ತಂಗಿಯ ಮಗಳ ಮನೆಗೆ ಸಾಗಹಾಕುವುದೆಂದು ಪಂಚರು ತೀರ್ಮಾನಿಸಿದರು. ಆಕೆಯಿಂದ ಯಾರಿಗೂ ಉಪಯೋಗವಿಲ್ಲವೆಂಬುದು ಅವರ ಮಾತು.

ಗಾಳೆವ್ವ ಪಂಚರನ್ನು ಗೋಡೆಯ ಮುಂದೆ ನಿಲ್ಲಿಸಿದಳು. ಹೊನ್ನವ್ವನ ಗೂಟದಿಂದ ನೇರವಾಗಿ ಹೊರಟ ದಾರಗಳೇ ಹತ್ತೊಂಬತ್ತು. ಉಳಿದ ಮನೆಗಳಿಗೆ ಬೆಂಕಿ ಹೋಗುವುದು ಆ ಹತ್ತೊಂಬತ್ತು ಮನೆಗಳಿಂದ. ನಿದ್ದೆ ಹತ್ತದ ಮುದುಕಿ ಬೂದಿ ಮುಚ್ಚಿ ಕೆಂಡ ಕಾಯುತ್ತಾಳೆ, ಓಣಿಯವರು ಹಾಯಾಗಿ ಮಲಗುತ್ತಾರೆ. ಮಹಾಲಿಂಗಪ್ಪನವರು ನಕ್ಕುಬಿಟ್ಟರು. “ದಾರ ನೋಡಿ ನ್ಯಾಯಾ ಮಾಡೂದಾದ್ರ, ಬಲೆ ಹೆಣಿಯೂ ಜ್ಯಾಡನ್ನ ಪಂಚ ಮಾಡೂಣು ತಗೋ.”

ಅಂದೇ ಗಾಳೆವ್ವ ಹೊನ್ನವ್ವನ ಒಲೆ ಆರಿಸಿ, ಅವಳನ್ನು ಕರೆದುಕೊಂಡು ಅಬ್ಬಿಗೇರಿಗೆ ಹೋದಳು. ಮರುದಿನ ಬೆಳಗ್ಗೆ ಹೆಂಗಸರು ಕುಳ್ಳು ಹಿಡಿದು ಹೊನ್ನವ್ವನ ಮುಚ್ಚಿದ ಬಾಗಿಲ ಮುಂದೆ ನಿಂತರು. ಪಕ್ಕದ ಮನೆಯಲ್ಲಿ ಕೇಳೋಣವೆಂದರೆ ಪಕ್ಕದ ಮನೆಯವಳೂ ಅದೇ ಸಾಲಿನಲ್ಲಿದ್ದಳು. ಮಹಾಲಿಂಗಪ್ಪನವರ ಚಕಮಕಿ ಕಲ್ಲಿನಿಂದ ಕಿಡಿಗಿಂತ ಬೈಗುಳವೇ ಹೆಚ್ಚು ಹೊರಟಿತು. ತಂಗಳು ರೊಟ್ಟಿ ಕಡಿದು ಸಾಕಾಗಿ, ಮಧ್ಯಾಹ್ನ ತಾವೇ ಬಂಡಿ ಹೂಡಿ ಅಬ್ಬಿಗೇರಿಗೆ ಹೋದರು.

“ನೂಲಿಗೆ ಜಾಗಾ ಸಿಕ್ತೇನೋ ಯಪ್ಪಾ?” ಎಂದು ಹೊನ್ನವ್ವ ಕೇಳಿದಳಂತೆ.

“ನೂಲ ಹಾಳಾಗಲಿ. ನೀ ಬಂಡಿ ಹತ್ತಬೇ.”

ಗುಡಿಸಲು ಈಗಲೂ ನಿಂತಿದೆ. ನನಗಂತೂ ಹೊಟ್ಟೆ ತುಂಬಿದಷ್ಟು ಸಂತೋಷ. ನಿನಗೇನು ಬೇಕೆಂದು ಗಾಳೆವ್ವನನ್ನು ಕೇಳಿದರೆ ದಾರಕ್ಕೆ ಗಂಟು ಹಾಕುತ್ತಲೇ ಹೇಳುತ್ತಾಳೆ: “ಏನೂ ಬ್ಯಾಡ್ರಿ. ಮಹಾಲಿಂಗಪ್ಪನೋರ ಗೂಟಕ್ಕ ಇರೂದು ಒಂದ ದಾರ, ಅದೂ ಹೊನ್ನವ್ವನ ಮನೀದು. ಇಡೀ ಓಣಿ ತಮ್ಮ ಮ್ಯಾಲೆ ನಿಂತೈತಿ ಅಂತ ತಿಳಕೊಂಡಾರ, ಪಾಪ. ಇದೊಂದ ಬರೀಬ್ಯಾಡ್ರಿ.”