ಕಿಟಕಿಯಕ್ಕನ ಐದು ಸ್ಟಾರ್

ನಮ್ಮ ಪುರಸಭೆಯಲ್ಲಿ ಅವರ ಹೆಸರು ಹೇಳಿ ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಕಿಟಕಿಯಕ್ಕ ಅಂದರೆ ಕಾವಲುಗಾರನೂ ಕೈತೋರಿಸುತ್ತಾನೆ. ಅರ್ಜಿ ತೆಗೆದುಕೊಳ್ಳುವ ಕಿಟಕಿಯ ಹಿಂದೆ ಕೂತೇ ಅವರ ತಲೆ ನರೆತಿದೆ. ಪಕ್ಕದ ಮೇಜು ನನ್ನದು. ಇಷ್ಟು ಒಳ್ಳೆಯವರ ಪಕ್ಕ ಕೂರುವುದು ಎಂಥ ತಲೆನೋವು ಅಂತ ನನ್ನನ್ನು ಕೇಳಿ.

ಅರ್ಜಿಯೆಲ್ಲ ಆನ್‌ಲೈನ್ ಆದಮೇಲೆ ಕಿಟಕಿಗೆ ಕೆಲಸ ಇರಬಾರದಿತ್ತು. ಆದರೆ ಪಿಂಚಣಿಯ ಅಜ್ಜಿಯರಿಗೆ ಆ ವೆಬ್‌ಸೈಟ್ ಎಲ್ಲಿ ಒಲಿಯಬೇಕು? ಫೋಟೊ ದೊಡ್ಡದಾಯಿತು ಅನ್ನುತ್ತಿತ್ತು, ಚಿಕ್ಕದು ಮಾಡಿದರೆ ಮಸುಕು ಅನ್ನುತ್ತಿತ್ತು. ಅವರೆಲ್ಲ ಕಿಟಕಿಗೇ ಬಂದರು. ಅಕ್ಕ ಒಬ್ಬೊಬ್ಬರದೂ ತಾವೇ ತುಂಬಿದರು. ಕೊನೆಯಲ್ಲಿ ಸೇವೆ ಹೇಗಿತ್ತು ಎಂದು ಸ್ಟಾರ್ ಕೇಳುವ ಪುಟ. ಒಂದು ಸ್ಟಾರ್ ಒತ್ತಿದರೆ ಕಾರಣ ಬರೆಯಿರಿ ಎಂದು ಪ್ರಾಣ ತಿನ್ನುತ್ತಿತ್ತು. ಐದು ಒತ್ತಿದರೆ ತೆಪ್ಪಗೆ ರಸೀದಿ ಕೊಡುತ್ತಿತ್ತು. ಸಾಲು ಬೆಳೆಯುತ್ತಿತ್ತಲ್ಲ, ಅಕ್ಕ ಎಲ್ಲರ ಹೆಸರಲ್ಲೂ ಐದೇ ಒತ್ತಿದರು.

"ಅಕ್ಕಾ, ಈ ಹಾಳು ಸೈಟಿಗೆ ಐದಾ?" ಅಂತ ನಾನು ಬಡಕೊಂಡೆ.

"ಅಜ್ಜಿ ಎಷ್ಟೊತ್ತು ನಿಂತಿರ್ಬೇಕಪ್ಪ? ಹೋಗ್ಲಿ ಬಿಡು," ಅಂದರು.

ಅಲ್ಲಿಗೇ ಮುಗಿಯಲಿಲ್ಲ. ಸೇವೆಯ ಮೌಲ್ಯಮಾಪನಕ್ಕೆ ಬಂದ ಅಧಿಕಾರಿ ಸಾಲಿನ ಕಡೆ ತಿರುಗಿಯೂ ನೋಡದೆ ಸ್ಟಾರ್ ಎಣಿಸಿದ. ಜನ ಇಷ್ಟು ಖುಷಿಯಾಗಿರುವಾಗ ಕಿಟಕಿ ಯಾಕೆ ಎಂದು ಮುಚ್ಚಿಸಿದ. ಅಕ್ಕನನ್ನು ಹಳೆಯ ಕಡತಗಳ ಕೋಣೆಗೆ ಹಾಕಿದರು. ಇನ್ನು ಜನರ ಅರ್ಜಿ ಮುಟ್ಟಕೂಡದೆಂದು ಆದೇಶವೂ ಬಂತು. ಅಂದು ಅಕ್ಕ ಊಟದ ಡಬ್ಬಿ ತೆರೆಯಲೇ ಇಲ್ಲ. "ನಾನೇ ಒತ್ತಿದ್ದಲ್ವೇನೋ," ಅಂದರು. ನನಗೆ ಅವರ ಮೇಲೆ ಸಿಟ್ಟೂ ಬಂತು, ಅಳುವೂ ಬಂತು.

ಪಿಂಚಣಿ ನವೀಕರಣದ ಕೊನೆಯ ದಿನ ಅದೇ ಅಧಿಕಾರಿ ಮತ್ತೆ ಬಂದ. ಹೊರಗೆ ಮೆಟ್ಟಿಲ ಮೇಲೆ ಅಜ್ಜಿಯರು ಚೀಲ ಹಿಡಿದು ಕೂತಿದ್ದರು. ಒಳಗೆ ನಮಗೆಲ್ಲ ಸಭೆ.

"ಈ ಸಲ ಅರ್ಜಿ ಅರ್ಧಕ್ಕಿಳಿದಿವೆ. ಪಿಂಚಣಿ ಬೇಕಾದವರು ಕಮ್ಮಿಯಾಗಿದ್ದಾರೆ ಅಂತಾಯ್ತು. ಒಳ್ಳೆ ಬೆಳವಣಿಗೆ," ಅಂದ. ನನಗೆ ಮೈಯೆಲ್ಲ ಉರಿದುಹೋಯಿತು.

ಅಕ್ಕ ಎದ್ದು ನಿಂತರು. "ಕಮ್ಮಿಯಾಗಿಲ್ಲ ಸರ್. ಎಲ್ಲರೂ ಹೊರಗೆ ಕೂತಿದ್ದಾರೆ. ಇವತ್ತು ತುಂಬದಿದ್ರೆ ಅವರ ಪಿಂಚಣಿ ನಿಂತುಹೋಗತ್ತೆ."

"ಸಲಹೆ ಇದ್ರೆ ಸೈಟಲ್ಲಿ ಹಾಕಮ್ಮ," ಎಂದು ಆತ ಮುಂದಿನ ಹಾಳೆ ತಿರುಗಿಸಿದ.

ಅಕ್ಕ ವಾದಕ್ಕಿಳಿಯಲಿಲ್ಲ. ನೆಟ್ಟಗೆ ಹೋಗಿ ಸಭೆಯ ಬಾಗಿಲನ್ನು ಅಗಲಕ್ಕೆ ತೆರೆದರು.

"ಬನ್ನಿ ಅಜ್ಜಿ, ಎಲ್ಲರೂ ಒಳಗೆ ಬನ್ನಿ. ನಾನು ಮುಟ್ಟಬಾರ್ದು ಅಂತ ಆದೇಶ ಇದೆ. ಇವತ್ತು ಸಾಹೇಬರೇ ತುಂಬ್ಕೊಡ್ತಾರೆ."